ಆನ್‌ಲೈನ್‌ನಲ್ಲಿ ಕಾಣಿಕೆ ಕೊಟ್ಟವರು 80ಜಿ ಪತ್ರ ಕೇಳುತ್ತಿದ್ದಾರೆ: ಸಭೆಯಿಂದ ಏನು ಕೊಡಬಹುದು, ಏನು ಕೊಡಬಾರದು?

ಖಜಾಂಚಿ_ಧಾರವಾಡ · 2025 ಜೂನ್ 8, ರಾತ್ರಿ

ಎಲ್ಲರಿಗೂ ವಂದನೆ. ಈ ಏಪ್ರಿಲ್‌ನಿಂದ ನಮ್ಮ ಕ್ರೈಸ್ತ ಸಭೆಯ ಖಜಾಂಚಿ ಕೆಲಸ ನನ್ನ ಹೆಗಲಿಗೆ ಬಂದಿದೆ. ಕೊರೊನಾ ಕಾಲದಲ್ಲಿ ಚರ್ಚಿನ ಬಾಗಿಲು ಮುಚ್ಚಿದ್ದಾಗ ಹಿಂದಿನವರು ಕಾಣಿಕೆಗೆಂದು ಕ್ಯೂಆರ್ ಕೋಡ್ ಮಾಡಿಸಿದ್ದರು. ಬಾಗಿಲು ತೆರೆದ ಮೇಲೂ ಜನ ಆ ರೂಢಿ ಬಿಡಲಿಲ್ಲ. ಈಗ ಕಾಣಿಕೆ ಚೀಲಕ್ಕೆ ಬೀಳುವುದಕ್ಕಿಂತ ಫೋನಿನಿಂದ ಬರುವುದೇ ಹೆಚ್ಚು. ಬೆಂಗಳೂರು, ಪುಣೆಯಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಹುಡುಗಿಯರು ತಿಂಗಳು ತಿಂಗಳು ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕಳುಹಿಸುತ್ತಾರೆ.

ಇಂದು ಪಂಚಾಶತ್ತಮ ಹಬ್ಬದ ಆರಾಧನೆ ಮುಗಿಯುತ್ತಿದ್ದಂತೆ ಮೂರು ನಾಲ್ಕು ಮಂದಿ ಸುತ್ತುವರಿದು ಒಂದೇ ಪ್ರಶ್ನೆ ಕೇಳಿದರು: "ರಿಟರ್ನ್ ಹಾಕಬೇಕು, ನಮ್ಮ ಕಾಣಿಕೆಗೆ 80ಜಿ ಪತ್ರ ಯಾವಾಗ ಕೊಡುತ್ತೀರಿ?"

80ಜಿ ಪತ್ರವೆಂದರೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ಕಡಿತ ಕೇಳಲು ಬೇಕಾದ ಪ್ರಮಾಣಪತ್ರ. ನಮ್ಮ ಪರಿಸ್ಥಿತಿ ಹೀಗಿದೆ. ಸಭೆಗೆ 12ಎ ನೋಂದಣಿ ಇದೆ, 80ಜಿ ಇಲ್ಲ. ಸಭೆಯ ಹಿರಿಯರೇ ಕಟ್ಟಿದ ಒಂದು ಪ್ರತ್ಯೇಕ ಟ್ರಸ್ಟ್ ಹಳ್ಳಿಯ ಮಕ್ಕಳಿಗಾಗಿ ವಿದ್ಯಾರ್ಥಿ ನಿಲಯ ನಡೆಸುತ್ತದೆ. ಅದಕ್ಕೆ 80ಜಿ ಮಾನ್ಯತೆ ಇದೆ. ಸಮಿತಿಯ ಇಬ್ಬರು ಹಿರಿಯರು ಹೇಳುವುದು: "ಎರಡೂ ನಮ್ಮವೇ ಅಲ್ಲವೇ? ಸಭೆಗೆ ಬಂದ ಕಾಣಿಕೆಗೆ ಟ್ರಸ್ಟ್‌ನ ರಸೀದಿ ಕೊಟ್ಟುಬಿಡೋಣ. ಕೊಡುವ ಮಕ್ಕಳಿಗೆ ನಾಲ್ಕು ಕಾಸು ಉಳಿಯಲಿ." ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಅದು ನನಗೆ ಗೊತ್ತು. ಆದರೂ ಸಹಿ ಹಾಕುವವನು ನಾನು. ಬೇರೆ ಊರುಗಳ ಸಭೆಗಳು, ಧರ್ಮಕೇಂದ್ರಗಳು ಏನು ಮಾಡುತ್ತಿವೆ, ದಯವಿಟ್ಟು ತಿಳಿಸಿ.

ಲೆಕ್ಕಪರಿಶೋಧಕಿ_ಮಂಗಳೂರು · ಜೂನ್ 8, ರಾತ್ರಿ

ಸರ್, ಮೊದಲು ಆ ರಸೀದಿಯ ವಿಚಾರ. ಸಹಿ ಹಾಕಬೇಡಿ. ಸಭೆಯ ಖಾತೆಗೆ ಬಂದ ಹಣಕ್ಕೆ ಟ್ರಸ್ಟ್ ರಸೀದಿ ಕೊಟ್ಟರೆ ಅದು ಸುಳ್ಳು ದಾಖಲೆ. ಮೂರು ಕಡೆ ಪೆಟ್ಟು ಬೀಳುತ್ತದೆ: ದಾನಿಗೆ ನೋಟಿಸ್ ಬರುತ್ತದೆ, ಟ್ರಸ್ಟ್‌ನ ಮಾನ್ಯತೆ ಅಪಾಯಕ್ಕೆ ಸಿಲುಕುತ್ತದೆ, ಕೊನೆಗೆ ವಿದ್ಯಾರ್ಥಿ ನಿಲಯದ ಮಕ್ಕಳಿಗೇ ತೊಂದರೆ. ಒಂದು ರಸೀದಿಯಿಂದ ದಾನಿಗೆ ಉಳಿಯುವುದು ಎಷ್ಟು ಎಂದು ಕೆಳಗೆ ಲೆಕ್ಕ ಹಾಕಿ ತೋರಿಸುತ್ತೇನೆ, ಅದಕ್ಕಾಗಿ ಇಷ್ಟನ್ನೆಲ್ಲ ಪಣಕ್ಕಿಡಬೇಕೇ ಎಂದು ಹಿರಿಯರೇ ಯೋಚಿಸಲಿ.

ಈಗ ಕಾನೂನು, 2025ರಲ್ಲಿ ಇರುವಂತೆ. ನಮ್ಮ ಸಭೆಗಳಲ್ಲಿ ಬಹಳ ಮಂದಿ 12ಎ ಮತ್ತು 80ಜಿ ಎರಡೂ ಒಂದೇ ಎಂದು ತಿಳಿದಿದ್ದಾರೆ. 12ಎ ಇರುವುದು ಸಂಸ್ಥೆಯ ಆದಾಯಕ್ಕೆ ತೆರಿಗೆ ಬೀಳದಿರಲಿ ಎಂದು. ಹೊಸ ನೋಂದಣಿಗಳು 12ಎಬಿ ಕಲಂನಡಿ ಆಗುತ್ತವೆ. ಧಾರ್ಮಿಕ ಸಂಸ್ಥೆಗೂ ಅದು ಸಿಗುತ್ತದೆ. 80ಜಿ ಇರುವುದು ಕೊಟ್ಟವನ ತೆರಿಗೆ ಕಡಿಮೆಯಾಗಲಿ ಎಂದು. ಅದು ಧರ್ಮಾರ್ಥ ಕೆಲಸಕ್ಕೆ ಮಾತ್ರ. ಪೂರ್ತಿಯಾಗಿ ಅಥವಾ ಬಹುಪಾಲು ಧಾರ್ಮಿಕ ಸ್ವರೂಪದ ಉದ್ದೇಶವನ್ನು 80ಜಿ ಕಲಂ ಧರ್ಮಾರ್ಥ ಎಂದು ಒಪ್ಪುವುದಿಲ್ಲ. ಮಾನ್ಯತೆ ಪಡೆದ ಟ್ರಸ್ಟ್ ಕೂಡ ವರ್ಷದ ಆದಾಯದಲ್ಲಿ ಶೇಕಡಾ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಬಳಸುವಂತಿಲ್ಲ. ಒಂದೇ ಧರ್ಮದ ಅಥವಾ ಜಾತಿಯ ಜನರ ಹಿತಕ್ಕಾಗಿ ಮಾತ್ರ ಎಂದು ಬರೆದುಕೊಂಡ ಸಂಸ್ಥೆಗೂ ಇದು ಸಿಗುವುದಿಲ್ಲ. ನಿಮ್ಮ ನಿಲಯದ ಟ್ರಸ್ಟ್ ಪತ್ರದಲ್ಲಿ "ಸಭೆಯ ಸದಸ್ಯರ ಮಕ್ಕಳಿಗೆ" ಎಂದಿದೆಯೋ "ಬಡ ಮಕ್ಕಳಿಗೆ" ಎಂದಿದೆಯೋ ಒಮ್ಮೆ ತೆರೆದು ನೋಡಿ.

ಆದ್ದರಿಂದ ದಶಮಾಂಶ, ಕೃತಜ್ಞತಾ ಕಾಣಿಕೆ, ಆರಾಧನೆಯ ಕಾಣಿಕೆ, ಸಭಾಪಾಲಕರ ಸಂಬಳಕ್ಕೆಂದು ಕೊಟ್ಟದ್ದು, ಇವು ಯಾವುದಕ್ಕೂ 80ಜಿ ಇಲ್ಲ. ದೇವಸ್ಥಾನದ ಹುಂಡಿಗೂ ಮಸೀದಿಯ ಚಂದಾಕ್ಕೂ ಇದೇ ನಿಯಮ, ನಮ್ಮೊಬ್ಬರ ಮೇಲೆ ಹೇರಿದ್ದಲ್ಲ. ಒಂದೇ ಒಂದು ಹೊರದಾರಿ ಇದೆ. ಐತಿಹಾಸಿಕ ಅಥವಾ ಕಲಾ ಮಹತ್ವದ್ದೆಂದು, ಇಲ್ಲವೇ ರಾಜ್ಯದಾದ್ಯಂತ ಹೆಸರಾದ ಆರಾಧನಾ ಸ್ಥಳವೆಂದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ದೇವಸ್ಥಾನ, ಮಸೀದಿ, ಗುರುದ್ವಾರ, ಚರ್ಚುಗಳ ದುರಸ್ತಿ ಮತ್ತು ಜೀರ್ಣೋದ್ಧಾರಕ್ಕೆ ಕೊಟ್ಟ ಹಣಕ್ಕೆ ಕಡಿತ ಸಿಗುತ್ತದೆ. ಕಟ್ಟಡ ಎಷ್ಟೇ ಹಳೆಯದಾಗಿರಲಿ, ಅಧಿಸೂಚನೆಯಲ್ಲಿ ಹೆಸರಿಲ್ಲದಿದ್ದರೆ ಇಲ್ಲ.

ಲೆಕ್ಕ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಒಬ್ಬರ ಆದಾಯ ಇತರ ಕಡಿತಗಳೆಲ್ಲ ಕಳೆದು 7,50,000 ರೂಪಾಯಿ ಎನ್ನೋಣ. ತಿಂಗಳಿಗೆ 2,000ದಂತೆ ಟ್ರಸ್ಟ್‌ಗೆ ವರ್ಷಕ್ಕೆ 24,000 ಕೊಟ್ಟಿದ್ದಾರೆ. ಆದಾಯದ ಶೇಕಡಾ 10ರ ಮಿತಿ 75,000, ಅದರೊಳಗೇ ಇದೆ. ಕಡಿತ ಸಿಗುವುದು ಕೊಟ್ಟದ್ದರ ಅರ್ಧಕ್ಕೆ, ಅಂದರೆ 12,000ಕ್ಕೆ. ಶೇಕಡಾ 20ರ ದರ, ಅದರ ಮೇಲೆ ಶೇಕಡಾ 4 ಸೆಸ್ ಸೇರಿಸಿ ಉಳಿಯುವ ತೆರಿಗೆ 2,496 ರೂಪಾಯಿ. ಹೊಸ ಪದ್ಧತಿಯಲ್ಲಿರುವವರಿಗೆ 80ಜಿ ಕಡಿತವೇ ಇಲ್ಲ. 2023-24ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆಯಾಗಿರುವುದರಿಂದ ನಿಮ್ಮನ್ನು ಸುತ್ತುವರಿದವರಲ್ಲಿ ಕೆಲವರಿಗೆ ಈ ಪತ್ರದಿಂದ ಒಂದು ರೂಪಾಯಿಯೂ ಉಳಿಯದಿರಬಹುದು. ಅವರಿಗೆ ಮೊದಲು ಆ ಪ್ರಶ್ನೆ ಕೇಳಿ: ನೀವು ಯಾವ ಪದ್ಧತಿಯಲ್ಲಿದ್ದೀರಿ?

ಬೆಂಗಳೂರು_ದಾನಿ · ಜೂನ್ 9, ಬೆಳಿಗ್ಗೆ

ನಾನು ಕೊಡುವವರ ಕಡೆಯವನು. ನಮ್ಮ ಕಷ್ಟವನ್ನೂ ಕೇಳಿ.

ನಾನು ಕಾಣಿಕೆ ಕಳುಹಿಸುವ ಒಂದು ಸೇವಾ ಸಂಸ್ಥೆಗೆ 80ಜಿ ಇದೆ. ಹೆಸರು ಬೇಡ. ಕಳೆದ ವರ್ಷ ಮೇ ತಿಂಗಳಿಂದ ಫೋನ್ ಮಾಡುತ್ತಲೇ ಇದ್ದೆ. "ಆಡಿಟರ್ ಹತ್ತಿರ ಇದೆ", "ಮುಂದಿನ ವಾರ" ಎನ್ನುತ್ತಲೇ ಜುಲೈ ಕಳೆಯಿತು. ಆಗಸ್ಟ್‌ನಲ್ಲಿ ಪತ್ರ ಬಂತು, ಅದರಲ್ಲಿ ನನ್ನ ಪಾನ್ ಸಂಖ್ಯೆಯ ಒಂದು ಅಕ್ಷರ ತಪ್ಪಾಗಿತ್ತು. ಅಷ್ಟರಲ್ಲಿ ನಾನು ಕಡಿತ ಕೇಳದೆಯೇ ರಿಟರ್ನ್ ಸಲ್ಲಿಸಿಯಾಗಿತ್ತು. ಹಣದ ಮಾತು ಬಿಡಿ. ಪ್ರೀತಿಯಿಂದ ಕೊಟ್ಟವನು ಸಾಲ ವಸೂಲಿಗೆ ಬಂದವನ ಹಾಗೆ ಫೋನ್ ಮಾಡಬೇಕಾಯಿತಲ್ಲ, ಅದು ನೋವು.

ಕಂಪನಿಯವರು ಸಾಮಾನ್ಯವಾಗಿ ಇಂಥ ದೇಣಿಗೆಯನ್ನು ಫಾರಂ 16ರಲ್ಲಿ (ಸಂಬಳದ ತೆರಿಗೆ ಪತ್ರ) ಸೇರಿಸುವುದಿಲ್ಲ. ನಾವೇ ರಿಟರ್ನ್‌ನ 80ಜಿ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ವಿಳಾಸ, ಪಾನ್, ಪ್ರಮಾಣಪತ್ರದ ಎಆರ್‌ಎನ್ (ಅದರ ಗುರುತಿನ) ಸಂಖ್ಯೆ ತುಂಬಬೇಕು. ಆ ಸಂಖ್ಯೆ ಇಲ್ಲದಿದ್ದರೆ ನೀವು ಕೊಟ್ಟ ಚಂದದ ರಸೀದಿ ಪುಸ್ತಕದ ಹಾಳೆಯಿಂದ ಏನೂ ಆಗುವುದಿಲ್ಲ. ಖಜಾಂಚಿಗಳೆಲ್ಲ ಇದನ್ನು ತಿಳಿದಿರಬೇಕು.

ಲೆಕ್ಕಪರಿಶೋಧಕಿ_ಮಂಗಳೂರು · ಜೂನ್ 9, ಬೆಳಿಗ್ಗೆ

ನೂರಕ್ಕೆ ನೂರು ಸರಿ. 2021-22ರ ಆರ್ಥಿಕ ವರ್ಷದಿಂದ ಈ ವ್ಯವಸ್ಥೆ ಬಂದಿದೆ. 80ಜಿ ಮಾನ್ಯತೆ ಇರುವ ಸಂಸ್ಥೆ ವರ್ಷದಲ್ಲಿ ಯಾರು ಎಷ್ಟು ಕೊಟ್ಟರೆಂಬ ವಿವರವನ್ನು ಫಾರಂ 10ಬಿಡಿಯಲ್ಲಿ ಇಲಾಖೆಗೆ ಸಲ್ಲಿಸಬೇಕು. ನಂತರ ಪೋರ್ಟಲ್‌ನಿಂದಲೇ ಪ್ರತಿ ದಾನಿಯ ಫಾರಂ 10ಬಿಇ ಪ್ರಮಾಣಪತ್ರ ಇಳಿಸಿಕೊಂಡು ಕೊಡಬೇಕು. ಎರಡಕ್ಕೂ ಗಡುವು ಮೇ 31. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಅದರ ಮೇಲೆ 10,000ದಿಂದ 1 ಲಕ್ಷದವರೆಗೆ ದಂಡವನ್ನೂ ಹಾಕಬಹುದು. ದಾನಿಯ ಕಡಿತ ನಿಲ್ಲುವುದು ಈ ವಿವರಪಟ್ಟಿಯ ಆಧಾರದ ಮೇಲೆಯೇ. ಪಾನ್ ತಪ್ಪಾಗಿದ್ದರೆ ಸಂಸ್ಥೆ ತಿದ್ದಿದ ಪಟ್ಟಿ ಸಲ್ಲಿಸಿ ಹೊಸ ಪ್ರಮಾಣಪತ್ರ ಕೊಡಬಹುದು. "ಇನ್ನು ಆಗುವುದಿಲ್ಲ" ಎಂದು ಯಾರಾದರೂ ಕೈಚೆಲ್ಲಿದರೆ ನಂಬಬೇಡಿ.

ಇನ್ನೊಂದು ಮಾತು. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಪ್ರತಿ ವರ್ಷವೂ ರಿಟರ್ನ್‌ನಲ್ಲೇ ಹಳೆಯ ಪದ್ಧತಿ ಆರಿಸಿಕೊಳ್ಳಬಹುದು, ಆದರೆ ಗಡುವಿನೊಳಗೆ ಸಲ್ಲಿಸಿದರೆ ಮಾತ್ರ. ತಡವಾದ ರಿಟರ್ನ್‌ಗೆ ಹೊಸ ಪದ್ಧತಿಯೇ ಗತಿ. ಸಂಸ್ಥೆ ಪತ್ರವನ್ನು ಎಳೆದಾಡಿದರೆ, ಅದಕ್ಕಾಗಿ ಕಾದು ಕುಳಿತ ದಾನಿ 80ಜಿ ಜೊತೆಗೆ 80ಸಿಯನ್ನೂ (ವಿಮೆ, ಭವಿಷ್ಯನಿಧಿಯಂಥ ಉಳಿತಾಯದ ಕಡಿತ) ಕಳೆದುಕೊಳ್ಳುತ್ತಾನೆ. ಈ ವರ್ಷ, ಅಂದರೆ 2025ರಲ್ಲಿ, ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದಾರೆ. ಇನ್ನೂ 10ಬಿಡಿ ಸಲ್ಲಿಸದ ಟ್ರಸ್ಟ್‌ಗಳು ಶುಲ್ಕ ಬಿದ್ದರೂ ಸರಿ, ಇಂದೇ ಸಲ್ಲಿಸಲಿ.

ಹಿರಿಯ_ಸಭಿಕ · ಜೂನ್ 9, ಮಧ್ಯಾಹ್ನ

ನಾನು ಹಾಸನ ಜಿಲ್ಲೆಯವನು, ನಿವೃತ್ತ ಶಿಕ್ಷಕ. ನೀವೆಲ್ಲ ತಿಳಿದವರು ಬರೆಯುತ್ತಿದ್ದೀರಿ. ಆದರೆ ಒಂದು ಮಾತು ಹೇಳದೆ ಇರಲಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕಲಿತು ಬೆಳೆದವರು ನಾವು. ದೇವರಿಗೆ ಕೊಟ್ಟ ಮೇಲೆ ಸರ್ಕಾರದಿಂದ ಒಂದಷ್ಟು ವಾಪಸ್ ಕೇಳುವುದು ಯಾವ ಭಕ್ತಿ? ಕಾಣಿಕೆಯ ಜೊತೆ ಪಾನ್ ಸಂಖ್ಯೆ ಬರೆಯಿಸಿಕೊಂಡರೆ ಬಡ ವಿಧವೆ ಹತ್ತು ರೂಪಾಯಿ ಹಾಕಲು ಹಿಂಜರಿಯುವುದಿಲ್ಲವೇ? ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಒಬ್ಬರ ಕೈಯಲ್ಲಿದ್ದರೆ ಅದು ಊರಿಗೆಲ್ಲ ತಿಳಿಯದೆ ಇರುತ್ತದೆಯೇ?

ಖಜಾಂಚಿ_ಧಾರವಾಡ · ಜೂನ್ 9, ಸಂಜೆ

ಗುರುಗಳೇ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಯಾರು ಎಷ್ಟು ಕೊಟ್ಟರೆಂಬುದು ಹೊರಗೆ ಹೋಗಬಾರದು ಎನ್ನುವುದರಲ್ಲಿ ನಾನು ಪೂರ್ತಿ ನಿಮ್ಮ ಜೊತೆಗಿದ್ದೇನೆ. ನಮ್ಮಲ್ಲಿ ಕಾಣಿಕೆ ಕೊಟ್ಟವರ ಸ್ಕ್ರೀನ್‌ಶಾಟ್‌ಗಳನ್ನು ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಹಾಕುವ ಅಭ್ಯಾಸವಿತ್ತು. ಮೊನ್ನೆ ಒಬ್ಬ ಅಕ್ಕ ತಮ್ಮ ಪಾನ್ ಕಾರ್ಡಿನ ಫೋಟೊವನ್ನೇ ಅಲ್ಲಿ ಹಾಕಿದರು, ಇನ್ನೂರಕ್ಕೂ ಹೆಚ್ಚು ಜನರ ಮುಂದೆ. ಕೂಡಲೇ ಅಳಿಸಲು ಹೇಳಿದೆ.

ಆದರೆ ಪತ್ರ ಕೇಳುವುದು ಭಕ್ತಿಗೆ ಕಡಿಮೆ ಎಂದು ನಾನು ಒಪ್ಪಲಾರೆ. ಉಳಿದ ಹಣವನ್ನು ನಿಲಯದ ಮಕ್ಕಳ ಪುಸ್ತಕಕ್ಕೆ ಮತ್ತೆ ಕೊಡುವವರು ನಮ್ಮಲ್ಲೇ ಇದ್ದಾರೆ.

ಲೆಕ್ಕಪರಿಶೋಧಕಿ_ಮಂಗಳೂರು · ಜೂನ್ 9, ಸಂಜೆ

ಹಿರಿಯರಿಗೆ ಕಾನೂನೇ ಅರ್ಧ ಉತ್ತರ ಕೊಡುತ್ತದೆ. ಪೂರ್ತಿ ಧಾರ್ಮಿಕವಾದ ಸಂಸ್ಥೆಗೆ ಬರುವ ಅನಾಮಧೇಯ ಕಾಣಿಕೆಗೆ 115ಬಿಬಿಸಿ ಕಲಂ ತೆರಿಗೆ ಹಾಕುವುದಿಲ್ಲ. ಆರಾಧನೆಯಲ್ಲಿ ಕಾಣಿಕೆ ಚೀಲ ಹಿಡಿದಾಗ ಯಾರ ಹೆಸರನ್ನೂ ಯಾರೂ ಕೇಳಬೇಕಾಗಿಲ್ಲ. ವಿಧವೆಯ ಹತ್ತು ರೂಪಾಯಿ ಹಾಗೆಯೇ ಬೀಳಲಿ. ಆದರೆ ಧರ್ಮಾರ್ಥ ಟ್ರಸ್ಟ್‌ಗೆ ಬರುವ ಹೆಸರಿಲ್ಲದ ಹಣ ಒಟ್ಟು ದೇಣಿಗೆಯ ಶೇಕಡಾ 5 ಅಥವಾ 1 ಲಕ್ಷ, ಇವುಗಳಲ್ಲಿ ಹೆಚ್ಚಿನದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇಕಡಾ 30 ತೆರಿಗೆ. ಹಾಗಾಗಿ ಟ್ರಸ್ಟ್‌ನಲ್ಲಿ ಹೆಸರು, ವಿಳಾಸ ಕೇಳುವುದು ಕುತೂಹಲಕ್ಕಲ್ಲ.

ಧರ್ಮಕೇಂದ್ರ_ಚಿಕ್ಕಮಗಳೂರು · ಜೂನ್ 10, ಬೆಳಿಗ್ಗೆ

ನಾನು ಕಥೋಲಿಕ ಧರ್ಮಕೇಂದ್ರವೊಂದರ ಹಣಕಾಸು ಸಮಿತಿಯಲ್ಲಿದ್ದೇನೆ. ನಾವು ಮಾಡಿಕೊಂಡಿರುವ ವ್ಯವಸ್ಥೆ ಹೇಳುತ್ತೇನೆ, ಉಪಯೋಗವಾದರೆ ಬಳಸಿಕೊಳ್ಳಿ.

ಚರ್ಚಿನ ಪ್ರವೇಶದಲ್ಲಿ ಎರಡು ಫಲಕಗಳಿವೆ. ನೀಲಿ ಫಲಕದ ಕ್ಯೂಆರ್ ಕೋಡ್ ಚರ್ಚಿನ ಖಾತೆಯದು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಪೂಜೆ, ಕಾಣಿಕೆ, ಚರ್ಚ್ ನಿರ್ವಹಣೆಗೆ. ತೆರಿಗೆ ಕಡಿತ ಇರುವುದಿಲ್ಲ" ಎಂದಿದೆ. ಹಸಿರು ಫಲಕದ್ದು ಸೇವಾ ಟ್ರಸ್ಟ್‌ನ ಖಾತೆ. ಕೆಳಗೆ "ಔಷಧ, ವಿದ್ಯಾಭ್ಯಾಸ ನೆರವಿಗೆ. ಎಲ್ಲ ಧರ್ಮದ ಬಡವರಿಗೆ. 80ಜಿ ಇದೆ, ಪ್ರಮಾಣಪತ್ರ ಬೇಕಾದವರು ಅರ್ಜಿ ತುಂಬಿ" ಎಂದಿದೆ. ಮೊದಲ ಫಲಕದಲ್ಲಿ ಆ ಸಾಲು ಬರೆಯಬೇಕೆಂದಾಗ ಕಾಣಿಕೆ ಕಡಿಮೆಯಾಗುತ್ತದೆ ಎಂದು ಕೆಲವರು ಹೆದರಿದ್ದರು. ಹಾಗೇನೂ ಆಗಲಿಲ್ಲ. ಪೂಜೆಗೆ ಕೊಡುವವರು ಪೂಜೆಗೇ ಕೊಡುತ್ತಿದ್ದಾರೆ. ಕೊಡುವ ಮುಂಚೆಯೇ ಸತ್ಯ ತಿಳಿದಿರುವುದರಿಂದ ಜೂನ್‌ನಲ್ಲಿ ಯಾರೂ ಬಂದು ಬೇಸರ ಮಾಡಿಕೊಳ್ಳುವುದಿಲ್ಲ.

ಆನ್‌ಲೈನ್ ಕಾಣಿಕೆಯಲ್ಲಿ ನಿಜವಾದ ತಲೆನೋವು ಯಾರು ಕೊಟ್ಟರೆಂದು ಗುರುತಿಸುವುದು. ಬ್ಯಾಂಕ್ ಪಟ್ಟಿಯಲ್ಲಿ ಒಂದು ಯುಪಿಐ ಐಡಿ, ಒಂದು ಯುಟಿಆರ್ (ಆ ಪಾವತಿಯ ಗುರುತಿನ) ಸಂಖ್ಯೆ, ಅರ್ಧ ಹೆಸರು, ಅಷ್ಟೇ ಇರುತ್ತದೆ. ಮಗಳ ಫೋನಿನಿಂದ ಅಮ್ಮ ಕಳುಹಿಸಿರುತ್ತಾರೆ, ಹೆಂಡತಿಯ ಖಾತೆಯಿಂದ ಹೋದ ಹಣಕ್ಕೆ ಗಂಡ ತನ್ನ ಪಾನ್ ಕೊಡುತ್ತಾನೆ. ಅದಕ್ಕೆ ಹಸಿರು ಫಲಕದ ಪಕ್ಕದಲ್ಲೇ ಒಂದು ಚಿಕ್ಕ ಅರ್ಜಿ ಇಟ್ಟಿದ್ದೇವೆ. ಪಾನ್ ಕಾರ್ಡಿನಲ್ಲಿರುವಂತೆಯೇ ಹೆಸರು, ಪಾನ್, ವಿಳಾಸ, ಹಣ ಹೋದ ದಿನ, ಯುಟಿಆರ್‌ನ ಕೊನೆಯ ಆರು ಅಂಕಿ. ದೂರದವರಿಗೆ ಅದನ್ನೇ ಫೋನಿನಲ್ಲಿ ತುಂಬುವ ಅರ್ಜಿಯಾಗಿ ಮಾಡಿದ್ದೇವೆ. ಅದು ಇಬ್ಬರಿಗೆ ಮಾತ್ರ ಕಾಣುತ್ತದೆ. ಹಣ ಯಾರ ಖಾತೆಯಿಂದ ಹೋಯಿತೋ ಅವರ ಹೆಸರಿಗೇ ಪ್ರಮಾಣಪತ್ರ ಎಂದು ಅರ್ಜಿಯಲ್ಲೇ ಬರೆದಿದ್ದೇವೆ. ತೀರಿಕೊಂಡ ತಂದೆಯ ಸ್ಮರಣಾರ್ಥ ಕೊಡುವ ಮಗನಿಗೂ ಹಾಗೆಯೇ. ಕೃತಜ್ಞತಾ ಪತ್ರದಲ್ಲಿ ತಂದೆಯ ಹೆಸರು, ಪ್ರಮಾಣಪತ್ರದಲ್ಲಿ ಮಗನದು.

ವರ್ಷಕ್ಕೆ ಮುಖ್ಯವಾದದ್ದು ಏಪ್ರಿಲ್‌ನ ಕೆಲಸ. ಈಸ್ಟರ್ ಗದ್ದಲ ಮುಗಿದ ಮೇಲೆ ಪ್ರತಿ ದಾನಿಗೂ ಒಂದು ಸಂದೇಶ ಕಳುಹಿಸುತ್ತೇವೆ, ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ, ಗುಂಪಿನಲ್ಲಿ ಅಲ್ಲ: "ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಇಷ್ಟು ಇದೆ, ಪಾನ್‌ನ ಕೊನೆಯ ನಾಲ್ಕು ಅಕ್ಷರ ಇವು, ಸರಿಯಿದೆಯೇ ನೋಡಿ." ಹೆಚ್ಚಿನ ತಪ್ಪುಗಳು ಅಲ್ಲಿಯೇ ಸಿಕ್ಕಿಬಿಡುತ್ತವೆ. ಮೇ ಮೊದಲ ವಾರ 10ಬಿಡಿ ಸಲ್ಲಿಸುತ್ತೇವೆ. ನಂತರದ ಎರಡು ಭಾನುವಾರ ಪೂಜೆಯ ಬಳಿಕ ಯುವಜನರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ. ಕಾಫಿ ತೋಟದ ಕಚೇರಿಗಳಲ್ಲಿ ಗುಮಾಸ್ತರಾಗಿರುವವರು, ಪಿಂಚಣಿದಾರರು ಬಂದು ಪ್ರಮಾಣಪತ್ರ ಪಡೆದು ಅದರಲ್ಲಿರುವ ಸಂಖ್ಯೆಯನ್ನು ರಿಟರ್ನ್‌ನಲ್ಲಿ ಎಲ್ಲಿ ಬರೆಯಬೇಕು ಎಂದು ಕೇಳಿ ಹೋಗುತ್ತಾರೆ.

ಬೆಂಗಳೂರು_ದಾನಿ · ಜೂನ್ 10, ಬೆಳಿಗ್ಗೆ

ಏಪ್ರಿಲ್‌ನಲ್ಲೇ ಲೆಕ್ಕ ತೋರಿಸಿ ಸರಿಯಿದೆಯೇ ಎಂದು ಕೇಳುತ್ತೀರಲ್ಲ, ಅದೊಂದೇ ಸಾಕು. ಎಲ್ಲ ಸಂಸ್ಥೆಗಳೂ ಇದನ್ನು ಮಾಡಲಿ.

ಒಂದು ಸಂದೇಹ. ಮಾರ್ಚ್ 31ರ ರಾತ್ರಿ ವೆಬ್‌ಸೈಟ್‌ನಲ್ಲಿ ಕಾರ್ಡ್‌ನಿಂದ ಕೊಟ್ಟರೆ ಸಂಸ್ಥೆಯ ಖಾತೆಗೆ ಸೇರುವುದು ಏಪ್ರಿಲ್ 2 ಅಥವಾ 3ಕ್ಕೆ, ಅದೂ ಗೇಟ್‌ವೇ (ಆನ್‌ಲೈನ್ ಪಾವತಿ ಸೇವೆ) ಶುಲ್ಕ ಕಡಿದುಕೊಂಡು. ಯಾವ ವರ್ಷಕ್ಕೆ, ಎಷ್ಟು ಮೊತ್ತಕ್ಕೆ ಬರೆಯುತ್ತೀರಿ?

ಲೆಕ್ಕಪರಿಶೋಧಕಿ_ಮಂಗಳೂರು · ಜೂನ್ 10, ಮಧ್ಯಾಹ್ನ

ನನ್ನ ಕಕ್ಷಿದಾರರಿಗೆ ನಾನು ಹೇಳುವುದು: ದಾನಿ ಹಣ ಪಾವತಿಸಿದ ದಿನ, ಅವನು ಕೊಟ್ಟ ಪೂರ್ತಿ ಮೊತ್ತ. ಅವನು 1,000 ಕೊಟ್ಟು 980 ತಲುಪಿದರೆ ದೇಣಿಗೆ 1,000, ಶುಲ್ಕ 20 ಸಂಸ್ಥೆಯ ಖರ್ಚು. ಬ್ಯಾಂಕ್ ಪಾಸ್‌ಬುಕ್ ನೋಡಿ 980ಕ್ಕೆ ರಸೀದಿ ಬರೆಯುವವರನ್ನು ಕಂಡಿದ್ದೇನೆ, ಅದು ಸರಿಯಲ್ಲ. ಮಾರ್ಚ್ ಕೊನೆಯ ವಾರದ ಗೇಟ್‌ವೇ ವರದಿಯನ್ನು ಇಳಿಸಿಕೊಂಡು ಆಯಾ ವರ್ಷದ ಕಡತಕ್ಕೆ ಸೇರಿಸಿಡಿ.

ನಗದಿನ ಮಾತೂ ಬರಲಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಕಡಿತ ಇಲ್ಲ. ಅಕ್ಕಿ ಮೂಟೆ, ಕಂಬಳಿ, ಹಳೆಯ ಕಂಪ್ಯೂಟರ್ ಕೊಟ್ಟರೆ ಅದಕ್ಕೂ ಇಲ್ಲ, ಎಷ್ಟೇ ಬೆಲೆಬಾಳಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಗೆ 5,000 ಕೂಗಿ ಯುಪಿಐ ಮಾಡಿದವರು ನನ್ನ ಹತ್ತಿರ ಪ್ರತಿ ವರ್ಷ ಬರುತ್ತಾರೆ. ಅದು ಚರ್ಚಿನ ಖಾತೆಗೆ ಹೋಗಿದೆ, ಪ್ರತಿಯಾಗಿ ವಸ್ತುವೂ ಸಿಕ್ಕಿದೆ. 80ಜಿ ಸಿಗುವುದಿಲ್ಲ ಎಂದು ಹರಾಜು ಕೂಗುವ ಮೊದಲೇ ಹೇಳಿಬಿಡಿ.

ಪಾಸ್ಟರ್_ರಾಯಚೂರು · ಜೂನ್ 10, ರಾತ್ರಿ

ನಮ್ಮದು ಬಾಡಿಗೆ ಹಾಲಿನಲ್ಲಿ ನಡೆಯುವ ಪುಟ್ಟ ಸಭೆ. ಟ್ರಸ್ಟೂ ಇಲ್ಲ, ಸೊಸೈಟಿಯೂ ಇಲ್ಲ. ವಿಶ್ವಾಸಿಗಳು ನನ್ನ ಸ್ವಂತ ಮೊಬೈಲ್ ಸಂಖ್ಯೆಗೇ ಫೋನ್‌ಪೇ ಮಾಡುತ್ತಾರೆ. ಅದರಿಂದಲೇ ಬಾಡಿಗೆ, ಕರೆಂಟ್ ಬಿಲ್, ಭಾನುವಾರದ ಊಟ ನಡೆಯುತ್ತದೆ. ಒಬ್ಬ ಸಹೋದರ ಕಾಣಿಕೆಗೆ ತೆರಿಗೆ ಪತ್ರ ಕೇಳಿದ. ನಾನೇ ಒಂದು ಪತ್ರ ಬರೆದುಕೊಟ್ಟರೆ ಸಾಕಾಗುತ್ತದೆಯೇ?

ಲೆಕ್ಕಪರಿಶೋಧಕಿ_ಮಂಗಳೂರು · ಜೂನ್ 11, ಬೆಳಿಗ್ಗೆ

ಪಾಸ್ಟರ್, ಹಣ ಮುಟ್ಟಿದೆ ಎಂದು ಬರೆದುಕೊಡಬಹುದು, ತೆರಿಗೆಗೆ ಅದು ನಡೆಯುವುದಿಲ್ಲ. ಅದಕ್ಕಿಂತ ನಿಮ್ಮ ಬಗ್ಗೆಯೇ ನನಗೆ ಚಿಂತೆ. ನಿಮ್ಮ ಸ್ವಂತ ಖಾತೆಗೆ ಬಂದ ಹಣವನ್ನು ಇಲಾಖೆ ನಿಮ್ಮದೇ ಆದಾಯವೆಂದು ಕೇಳಬಹುದು. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಬಂದ ಉಡುಗೊರೆ ಹಣ 50,000 ಮೀರಿದರೆ ಪೂರ್ತಿ ಮೊತ್ತವೂ ತೆರಿಗೆಗೆ ಒಳಪಡುತ್ತದೆ. ಒಂದೊಂದು ರೂಪಾಯಿಯನ್ನೂ ಸಭೆಗೇ ಖರ್ಚು ಮಾಡಿದ್ದೇನೆ ಎನ್ನಲು ನಿಮ್ಮ ಬಳಿ ಪುಸ್ತಕ ಬೇಕು.

ವಿಶ್ವಾಸಿಗಳಲ್ಲಿ ಏಳೆಂಟು ಜನ ಸೇರಿ ಟ್ರಸ್ಟ್ ಪತ್ರ ಮಾಡಿಸಿ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಿ. ಅದರ ಹೆಸರಿಗೆ ಪಾನ್, ಬ್ಯಾಂಕ್ ಖಾತೆ, ಆ ಖಾತೆಯ ಕ್ಯೂಆರ್ ಕೋಡ್. ಅಲ್ಲಿಯವರೆಗೆ ಎರಡು ಸಹಿಯ ನೋಟ್‌ಬುಕ್ಕಿನಲ್ಲಿ ಬಂದದ್ದು, ಹೋದದ್ದು ಬರೆದಿಡಿ. ಕೇಳಿದ ಸಹೋದರನಿಗೆ "ನಮಗೆ 80ಜಿ ಇಲ್ಲ" ಎಂದು ನೇರವಾಗಿ ಹೇಳಿ. ಅವನು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ನ್ಯೂಜೆರ್ಸಿ_ಕನ್ನಡಿಗ · ಜೂನ್ 11, ಬೆಳಿಗ್ಗೆ

ಹುಟ್ಟಿದ್ದು ಬೆಳೆದದ್ದು ಹುಬ್ಬಳ್ಳಿ. ಇಲ್ಲಿನ ಚರ್ಚಿನಿಂದ ಪ್ರತಿ ಜನವರಿ ವರ್ಷದ ಕಾಣಿಕೆಯ ಪಟ್ಟಿ ತಾನಾಗಿಯೇ ಬರುತ್ತದೆ, ಕೇಳಬೇಕಾಗಿಲ್ಲ. ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟಿದ್ದರೆ ಚರ್ಚಿನ ಲಿಖಿತ ಪತ್ರ ರಿಟರ್ನ್ ಸಲ್ಲಿಸುವ ಮೊದಲೇ ಕೈಯಲ್ಲಿರಬೇಕು. ಪ್ರತಿಯಾಗಿ ಏನಾದರೂ ಕೊಟ್ಟಿದ್ದಾರೆಯೇ ಎಂಬುದೂ ಅದರಲ್ಲಿರಬೇಕು. ಚರ್ಚಿನ ಕಾಣಿಕೆಗೇ ಕಡಿತ ಸಿಗುವುದು ಇಲ್ಲಿನ ದೊಡ್ಡ ವ್ಯತ್ಯಾಸ. ಆದರೂ ಹೆಚ್ಚಿನವರು ಎಲ್ಲರಿಗೂ ಸಿಗುವ ಸಾಮಾನ್ಯ ಕಡಿತವನ್ನೇ ತೆಗೆದುಕೊಳ್ಳುವುದರಿಂದ 2025ರ ವರ್ಷಕ್ಕೆ ಕಾಣಿಕೆಯ ಲಾಭ ಅವರಿಗೂ ಬರುವುದಿಲ್ಲ.

ನನ್ನ ಪ್ರಶ್ನೆ: ಊರಿನ ನಿಲಯಕ್ಕೆ ಇಲ್ಲಿಂದ ಕಳುಹಿಸಬಹುದೇ? ನಾನು ಈಗ ಅಮೆರಿಕದ ಪ್ರಜೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ. ತಮ್ಮ ದುಬೈನಲ್ಲಿದ್ದಾನೆ, ಭಾರತದ ಪಾಸ್‌ಪೋರ್ಟ್.

ಲೆಕ್ಕಪರಿಶೋಧಕಿ_ಮಂಗಳೂರು · ಜೂನ್ 11, ಮಧ್ಯಾಹ್ನ

ಇಬ್ಬರಿಗೂ ಬೇರೆ ಬೇರೆ ಉತ್ತರ. ಭಾರತದ ಪ್ರಜೆಯಾಗಿರುವ ನಿಮ್ಮ ತಮ್ಮ ಹೊರದೇಶದಲ್ಲಿ ದುಡಿದ ಸ್ವಂತ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಂಡು ಟ್ರಸ್ಟ್‌ನ ಸಾಮಾನ್ಯ ಖಾತೆಗೇ ಪಡೆಯಬಹುದು. ನಿಮ್ಮದು ಒಸಿಐ ಇದ್ದರೂ ವಿದೇಶಿ ದೇಣಿಗೆಯೇ. ಟ್ರಸ್ಟ್‌ಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು, ಹಣ ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ನೀವು ರಜೆಗೆ ಬಂದಾಗ ಕ್ಯೂಆರ್ ಕೋಡ್‌ಗೆ ಕಳುಹಿಸಿದರೂ ಇದೇ ನಿಯಮ. ನೋಂದಣಿ ಇಲ್ಲದ ಸಭೆಯವರು ದಯವಿಟ್ಟು ಪ್ರೀತಿಗೆ ಕಟ್ಟುಬಿದ್ದು ಈ ಹಣ ಮುಟ್ಟಬೇಡಿ. ಊರಿನ ಟ್ರಸ್ಟ್‌ಗೆ ನೇರವಾಗಿ ಕೊಟ್ಟದ್ದಕ್ಕೆ ಅಮೆರಿಕದಲ್ಲೂ ಕಡಿತ ಸಿಗುವುದಿಲ್ಲ, ಅದನ್ನು ತಿಳಿದೇ ಕೊಡಿ.

ಧಾರವಾಡದವರಿಗೆ ಇನ್ನೊಂದು ತುರ್ತು ಮಾತು. ನಿಲಯದ ಟ್ರಸ್ಟ್‌ನ 80ಜಿ ಆದೇಶವನ್ನು ತೆಗೆದು ಅವಧಿ ನೋಡಿ. 2021ರಲ್ಲಿ ಐದು ವರ್ಷಕ್ಕೆ ನವೀಕರಿಸಿದವುಗಳ ಮಾನ್ಯತೆ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆರು ತಿಂಗಳು ಮೊದಲು, ಅಂದರೆ ಈ ಸೆಪ್ಟೆಂಬರ್ 30ರೊಳಗೆ ಫಾರಂ 10ಎಬಿಯಲ್ಲಿ ಅರ್ಜಿ ಹಾಕಬೇಕು. ಇದು ತಪ್ಪಿದರೆ ಮುಂದಿನ ವರ್ಷದ ದಾನಿಗಳಿಗೆ ಕೊಡಲು ನಿಮ್ಮಲ್ಲಿ ಏನೂ ಉಳಿಯುವುದಿಲ್ಲ.

ಖಜಾಂಚಿ_ಧಾರವಾಡ · ಜೂನ್ 15, ರಾತ್ರಿ

ಎಲ್ಲರಿಗೂ ಮನಸಾರೆ ಕೃತಜ್ಞತೆ. ಇಂದು ಸಮಿತಿ ಸೇರಿತ್ತು. ಈ ಚರ್ಚೆಯನ್ನು ಮುದ್ರಿಸಿ ಓದಿದೆ. ಟ್ರಸ್ಟ್ ರಸೀದಿಯ ಮಾತನ್ನು ಆ ಇಬ್ಬರು ಹಿರಿಯರೇ ಹಿಂದೆಗೆದುಕೊಂಡರು. 2,496 ರೂಪಾಯಿಯ ಲೆಕ್ಕ ಓದಿದಾಗ ಒಬ್ಬರು, "ಇಷ್ಟಕ್ಕೆ ನಿಲಯವನ್ನು ಅಡ ಇಡಬೇಕಾಗಿತ್ತೇ?" ಎಂದರು. 80ಜಿ ಆದೇಶವನ್ನೂ ತೆರೆದು ನೋಡಿದೆವು. ಅವಧಿ ಮುಂದಿನ ಮಾರ್ಚ್‌ಗೇ ಮುಗಿಯುತ್ತದೆ. ಜುಲೈನಲ್ಲಿ ಅರ್ಜಿ ಹಾಕಲು ನಿರ್ಧಾರವಾಗಿದೆ. ಟ್ರಸ್ಟ್ ಪತ್ರದಲ್ಲಿ "ಜಾತಿ ಮತ ಭೇದವಿಲ್ಲದೆ ಬಡ ವಿದ್ಯಾರ್ಥಿಗಳಿಗೆ" ಎಂದೇ ಇದೆ, ನೋಡಿ ಸಮಾಧಾನವಾಯಿತು.

ಸಭೆಗೆ ಕಾಣಿಕೆ ಕಳುಹಿಸುವವರಿಗೆ ಒಬ್ಬೊಬ್ಬರಿಗೇ ಕಳುಹಿಸಬೇಕೆಂದಿರುವ ಸಂದೇಶ ಇದು. ತಿದ್ದಿಕೊಡಿ:

"ವಂದನೆ. 2024-25ರಲ್ಲಿ ತಾವು ನಮ್ಮ ಸಭೆಗೆ ಆನ್‌ಲೈನ್ ಮೂಲಕ ಕೊಟ್ಟ ಕಾಣಿಕೆ ಒಟ್ಟು ____ ರೂಪಾಯಿ. ತಿಂಗಳವಾರು ಪಟ್ಟಿ ಜೊತೆಗಿದೆ. ವ್ಯತ್ಯಾಸವಿದ್ದರೆ ತಿಳಿಸಿ. ಈ ಹಣ ಆರಾಧನೆ, ಸಭಾಪಾಲಕರ ಸಂಬಳ, ಕಟ್ಟಡದ ನಿರ್ವಹಣೆಗೆ ಬಳಕೆಯಾಗಿದೆ. ಇದಕ್ಕೆ ಆದಾಯ ತೆರಿಗೆಯ 80ಜಿ ಕಡಿತ ಇರುವುದಿಲ್ಲ, ದಯವಿಟ್ಟು ರಿಟರ್ನ್‌ನಲ್ಲಿ ಸೇರಿಸಬೇಡಿ. ವಿದ್ಯಾರ್ಥಿ ನಿಲಯದ ಟ್ರಸ್ಟ್‌ನ ಖಾತೆಗೆ ಪ್ರತ್ಯೇಕವಾಗಿ ಕೊಟ್ಟವರಿಗೆ ಫಾರಂ 10ಬಿಇ ಪ್ರಮಾಣಪತ್ರ ಕಳುಹಿಸಲಾಗಿದೆ. ಅದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಉಪಯೋಗ. ಪಾನ್ ಸಂಖ್ಯೆಯನ್ನು ಯಾವ ಗುಂಪಿನಲ್ಲೂ ಹಾಕಬೇಡಿ."

ಹಿರಿಯ_ಸಭಿಕ · ಜೂನ್ 16, ಬೆಳಿಗ್ಗೆ

ಚೆನ್ನಾಗಿದೆ, ತಮ್ಮ. "ಇದಕ್ಕೆ ಕಡಿತ ಇರುವುದಿಲ್ಲ" ಎನ್ನುವ ಮುಂಚೆ ಒಂದು ಸಾಲು ಕೃತಜ್ಞತೆ ಸೇರಿಸು. ಅವರ ಕಾಣಿಕೆಯಿಂದ ಈ ವರ್ಷ ಸಭೆಯಲ್ಲಿ ಏನಾಯಿತು ಎಂದು ಬರೆ. ತೆರಿಗೆಯ ವಿಷಯ ಆಮೇಲೆ ಬರಲಿ.

ಲೆಕ್ಕಪರಿಶೋಧಕಿ_ಮಂಗಳೂರು · ಜೂನ್ 16, ಬೆಳಿಗ್ಗೆ

ಹಿರಿಯರು ಹೇಳಿದ್ದನ್ನು ಖಂಡಿತ ಸೇರಿಸಿ. ನನ್ನದು ಒಂದೇ ತಿದ್ದುಪಡಿ: "ಪ್ರಮಾಣಪತ್ರ ಕಳುಹಿಸಲಾಗಿದೆ" ಎಂಬುದರ ಮುಂದೆ ಅದು ಸಿಗದವರು ಯಾರಿಗೆ ಫೋನ್ ಮಾಡಬೇಕು, ಯಾವ ಹೊತ್ತಿನಲ್ಲಿ ಸಿಗುತ್ತಾರೆ ಎಂದು ಬರೆಯಿರಿ. ಖಜಾಂಚಿ ಎಂದಷ್ಟೇ ಬರೆದರೆ ಹೊಸಬರಿಗೆ ಗೊತ್ತಾಗುವುದಿಲ್ಲ.

ಖಜಾಂಚಿ_ಧಾರವಾಡ · ಜೂನ್ 16, ಸಂಜೆ

ಎರಡನ್ನೂ ಸೇರಿಸಿದ್ದೇನೆ. ಸಂಜೆ 6ರಿಂದ 8ರವರೆಗೆ ನಾನು, ಭಾನುವಾರ ಆರಾಧನೆಯ ನಂತರ ಸಭೆಯ ಕಾರ್ಯದರ್ಶಿ. ನಾಳೆಯಿಂದ ಕಳುಹಿಸಲು ಶುರುಮಾಡುತ್ತೇವೆ. ಎರಡು ಫಲಕಗಳ ಅಳತೆ ಎಷ್ಟೆಂದು ಚಿಕ್ಕಮಗಳೂರಿನವರು ತಿಳಿಸಿದರೆ ಇಲ್ಲಿಯೂ ಬರೆಯಿಸುತ್ತೇವೆ.

ಧರ್ಮಕೇಂದ್ರ_ಚಿಕ್ಕಮಗಳೂರು · ಜೂನ್ 16, ರಾತ್ರಿ

ಎರಡು ಅಡಿ ಅಗಲ, ಮೂರು ಅಡಿ ಎತ್ತರ. ಖಾತೆಯ ಹೆಸರನ್ನು ಕ್ಯೂಆರ್ ಕೋಡ್‌ನ ಮೇಲ್ಭಾಗದಲ್ಲೇ ದೊಡ್ಡದಾಗಿ ಬರೆಯಿಸಿ, ಹಣ ಕಳುಹಿಸುವಾಗ ಫೋನಿನಲ್ಲಿ ಮೂಡುವ ಹೆಸರಿಗೂ ಅದಕ್ಕೂ ತಾಳೆಯಾಗುತ್ತದೆಯೇ ಎಂದು ಜನ ನೋಡಿಕೊಳ್ಳುತ್ತಾರೆ. ಕೋಡ್ ಮೇಲೆ ಬೇರೆ ಯಾರೂ ಚೀಟಿ ಅಂಟಿಸಿಲ್ಲವೆಂದು ಪ್ರತಿ ಶನಿವಾರ ಒಮ್ಮೆ ಪರೀಕ್ಷಿಸಿ.